ಇಪ್ಪತ್ತೈದು ಮಿಲಿಗ್ರಾಂ ಔಷಧಿ, ಅಮ್ಮನ ‘ಎಂತದೂ ಇಲ್ಲ’

ಸ್ಕ್ಯಾನ್ ಮಾಡಿಸಿಕೊಂಡು ಬಂದ ದಿನದಿಂದ ವರದಿ ಕೈಗೆ ಸಿಗುವ ದಿನದವರೆಗೆ ನನಗೆ ಪ್ರತಿ ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತಿತ್ತು. ಎದೆಯ ಬಡಿತ ಕಿವಿಯಲ್ಲಿ ಕೇಳಿಸುತ್ತಿತ್ತು, ಅಂಗೈ ಒದ್ದೆಯಾಗಿರುತ್ತಿತ್ತು. ಪಕ್ಕದಲ್ಲಿ ಮಲಗಿದ್ದ ನಮ್ಮವರು ಎದ್ದು “ಏನಾಯಿತು?” ಎಂದು ಕೇಳಿದರೆ “ಎಂತದೂ ಇಲ್ಲ, ನೀವು ಮಲಗಿ” ಎನ್ನುತ್ತಿದ್ದೆ. ಮಲೆನಾಡಿನ ಸಾಗರದ ಸೀಮೆಯಲ್ಲಿ ಹುಟ್ಟಿ ಬೆಳೆದು, ಮೂವತ್ತು ವರ್ಷಗಳಿಂದ ಕೆನಡಾದ ವ್ಯಾಂಕೂವರ್ ಪಕ್ಕದ ಬರ್ನಬಿಯಲ್ಲಿ ನೆಲೆಸಿರುವ ನನ್ನ ಬಾಯಲ್ಲಿ ಆ ಎರಡು ಶಬ್ದಗಳು ಯಾವಾಗಲೂ ಸಿದ್ಧವಾಗಿರುತ್ತಿದ್ದವು. ಅವು ಎಲ್ಲಿಂದ ಬಂದವು ಎಂಬುದನ್ನು ತಿಳಿಯಲು ನನಗೆ ಐವತ್ತೊಂಬತ್ತು ವರ್ಷ ತುಂಬಬೇಕಾಯಿತು.

ಅಂಡಾಶಯದ ಕ್ಯಾನ್ಸರ್ ಇದೆಯೆಂದು ಗೊತ್ತಾದದ್ದು 2020ರಲ್ಲಿ. ಆಗಲೇ ಮೂರನೆಯ ಹಂತ. ದೊಡ್ಡ ಶಸ್ತ್ರಚಿಕಿತ್ಸೆ, ಆರು ಸುತ್ತು ಕೀಮೋ, ಅದರ ಬಳಿಕ ಓಲಾಪರಿಬ್ ಎಂಬ ಮಾತ್ರೆ. ಒಂದೂವರೆ ವರ್ಷ ಎಲ್ಲವೂ ಶಾಂತವಾಗಿತ್ತು. 2022ರ ಕೊನೆಗೆ ರಕ್ತದಲ್ಲಿ ಈ ಕ್ಯಾನ್ಸರ್‌ನ ಸುಳಿವು ಕೊಡುವ ಸಿಎ-125 ಎಂಬ ಅಂಶ ಏರತೊಡಗಿತು, ಸ್ಕ್ಯಾನ್‌ನಲ್ಲಿ ಹೊಟ್ಟೆಯ ಪೊರೆಯ ಮೇಲೆ ಹೊಸ ಗಂಟುಗಳು ಕಂಡವು. ಕಾಯಿಲೆಯನ್ನು ಇನ್ನು ವಾಸಿಮಾಡಲು ಆಗುವುದಿಲ್ಲ, ಹಿಡಿದಿಡಲು ಪ್ರಯತ್ನಿಸಬಹುದು ಎಂದು ಡಾಕ್ಟರು ಬಹಳ ಮೃದುವಾಗಿ, ಆದರೆ ಏನನ್ನೂ ಮುಚ್ಚಿಡದೆ ಹೇಳಿದರು. ಮತ್ತೆ ಕೀಮೋ ಆರಂಭವಾಯಿತು.

ಕೀಮೋ ತಂದ ಸುಸ್ತನ್ನು ಸಹಿಸಿದೆ, ಆತಂಕವನ್ನು ಸಹಿಸಲಾಗಲಿಲ್ಲ. ಅದಕ್ಕೆ ಸರ್ಟ್ರಲೀನ್ ಎಂಬ ಮಾತ್ರೆ ಕೊಟ್ಟರು, ನಿದ್ರೆಗೆ ಲೋರಾಜೆಪಾಮ್ ಕೊಟ್ಟರು, ವಾರಕ್ಕೊಮ್ಮೆ ಆಪ್ತಸಲಹೆಗಾರರ ಬಳಿ ಕಳುಹಿಸಿದರು. ಆತಂಕ ಮತ್ತು ಖಿನ್ನತೆಯನ್ನು ಅಳೆಯಲು ಆಸ್ಪತ್ರೆಗಳಲ್ಲಿ ಒಂದು ಪ್ರಶ್ನಾವಳಿ ಕೊಡುತ್ತಾರೆ. ಅದರಲ್ಲಿ ಆತಂಕದ ಭಾಗಕ್ಕೆ ಗರಿಷ್ಠ 21 ಅಂಕ, 11 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆತಂಕ ಕಾಯಿಲೆಯ ಮಟ್ಟ ಮುಟ್ಟಿರಬಹುದೆಂದು ಅರ್ಥ. ಆರು ತಿಂಗಳ ಔಷಧೋಪಚಾರದ ನಂತರವೂ ನನ್ನದು 16 ಇತ್ತು. ದೇವರ ಮುಂದೆ ದೀಪ ಹಚ್ಚಿದರೂ ಮನಸ್ಸು ಮುಂದಿನ ರಕ್ತಪರೀಕ್ಷೆಯ ತಾರೀಖನ್ನೇ ಎಣಿಸುತ್ತಿತ್ತು. ಬದುಕಿರುವ ದಿನಗಳನ್ನು ಕಾಯಿಲೆಗಿಂತ ಮೊದಲು ಭಯವೇ ತಿಂದುಹಾಕುತ್ತಿದೆ ಎನ್ನುವುದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಸೈಲೋಸೈಬಿನ್ ಎಂಬ ಹೆಸರನ್ನು ಮೊದಲು ಹೇಳಿದವರು ರೋಗಿಯ ನೋವು ಸಂಕಟಗಳನ್ನು ತಗ್ಗಿಸುವ ಉಪಶಾಮಕ ಆರೈಕೆಯ ವೈದ್ಯೆ. ಕೆಲವು ಜಾತಿಯ ಅಣಬೆಗಳಲ್ಲಿರುವ ವಸ್ತು ಅದು. ದೇಹದೊಳಗೆ ಸೈಲೋಸಿನ್ ಆಗಿ ಮಾರ್ಪಟ್ಟು ಮಿದುಳಿನ ಸೆರೊಟೋನಿನ್ ಗ್ರಾಹಕಗಳ ಮೇಲೆ ಕೆಲಸ ಮಾಡುತ್ತದೆ, ನಾಲ್ಕರಿಂದ ಆರು ಗಂಟೆಗಳ ಕಾಲ ಪ್ರಜ್ಞೆಯ ಸ್ವರೂಪವನ್ನೇ ಬದಲಿಸುತ್ತದೆ. ಅಮಲಿನ ವಸ್ತುವನ್ನು ಔಷಧಿಯೆಂದು ಹೇಳುತ್ತಿದ್ದಾರಲ್ಲ ಎಂದು ನನಗೆ ಆಘಾತವಾಯಿತು. ನಮ್ಮ ಮನೆಯಲ್ಲಿ ಕಾಫಿಯನ್ನು ಬಿಟ್ಟರೆ ಬೇರೆ ಚಟವನ್ನು ಕಂಡವಳಲ್ಲ ನಾನು. ವೈದ್ಯೆ ಒತ್ತಾಯಿಸಲಿಲ್ಲ, ಓದಲು ಕೆಲವು ಪ್ರಬಂಧಗಳನ್ನು ಕೊಟ್ಟು, ಮುಂದಿನ ಭೇಟಿಯಲ್ಲಿ ಮಾತನಾಡೋಣ ಎಂದರು.

ಪದವಿಯಲ್ಲಿ ವಿಜ್ಞಾನ ಓದಿದ್ದರಿಂದ ಅವುಗಳನ್ನು ಎಚ್ಚರಿಕೆಯಿಂದಲೇ ಓದಿದೆ. 2016ರ ಡಿಸೆಂಬರ್‌ನಲ್ಲಿ ಎರಡು ಅಧ್ಯಯನಗಳು ಒಟ್ಟಿಗೆ ಪ್ರಕಟವಾಗಿದ್ದವು: ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ರೋಲಂಡ್ ಗ್ರಿಫಿತ್ಸ್ ತಂಡ 51 ಕ್ಯಾನ್ಸರ್ ರೋಗಿಗಳ ಮೇಲೆ ನಡೆಸಿದ್ದು ಒಂದು, ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಸ್ಟೀಫನ್ ರಾಸ್ ತಂಡ 29 ರೋಗಿಗಳ ಮೇಲೆ ನಡೆಸಿದ್ದು ಇನ್ನೊಂದು. ಮಾನಸಿಕ ಚಿಕಿತ್ಸೆಯ ಜೊತೆಗೆ ಒಂದೇ ಒಂದು ದೊಡ್ಡ ಪ್ರಮಾಣದ ಡೋಸ್ ಪಡೆದವರಲ್ಲಿ ಬಹುಪಾಲು ಮಂದಿಗೆ ಆರು ತಿಂಗಳ ನಂತರವೂ ಆತಂಕ ಮತ್ತು ಖಿನ್ನತೆ ಗಣನೀಯವಾಗಿ ತಗ್ಗಿತ್ತು. ಇದು ಹೊಸ ಶೋಧನೆಯೂ ಆಗಿರಲಿಲ್ಲ. 1960ರ ದಶಕದಲ್ಲೇ ಮೇರಿಲ್ಯಾಂಡ್‌ನ ಸ್ಪ್ರಿಂಗ್ ಗ್ರೋವ್ ಆಸ್ಪತ್ರೆಯಲ್ಲಿ ಕ್ಯಾನ್ಸರ್ ರೋಗಿಗಳಿಗೆ ಎಲ್‌ಎಸ್‌ಡಿ ಎಂಬ ಅಮಲಿನ ವಸ್ತು ಕೊಟ್ಟು ಇಂಥದೇ ಕೆಲಸ ನಡೆದಿತ್ತು. ಕಾನೂನು ಬಿಗಿಯಾದಂತೆ ಎಲ್ಲವೂ ನಿಂತುಹೋಗಿ, ಅಲ್ಲಿ ದುಡಿದಿದ್ದ ವಿಲಿಯಂ ರಿಚರ್ಡ್ಸ್ ಎಂಬ ಮನಃಶಾಸ್ತ್ರಜ್ಞರು ದಶಕಗಳ ನಂತರ ಹಾಪ್ಕಿನ್ಸ್ ತಂಡದಲ್ಲಿ ಅದನ್ನೇ ಮುಂದುವರಿಸಿದರು. ಅದಕ್ಕೂ ಎಷ್ಟೋ ಹಿಂದಿನಿಂದ ಮೆಕ್ಸಿಕೋದ ಓಹಾಕಾ ಬೆಟ್ಟಗಳ ಮಜಟೆಕ್ ಜನ ಈ ಅಣಬೆಯನ್ನು ರೋಗಿಗಳ ಸಲುವಾಗಿ ರಾತ್ರಿಯಿಡೀ ನಡೆಯುವ ಆರಾಧನೆಯಲ್ಲಿ ಬಳಸುತ್ತಿದ್ದರು. ಮರಿಯಾ ಸಬೀನಾ ಎಂಬ ಅಲ್ಲಿನ ವೈದ್ಯಗಿತ್ತಿ 1955ರಲ್ಲಿ ಒಬ್ಬ ಅಮೆರಿಕನ್ನನಿಗೆ ಆ ಆರಾಧನೆಯಲ್ಲಿ ಪಾಲ್ಗೊಳ್ಳಲು ಬಿಟ್ಟ ಮೇಲೆ ಹೊರಗಿನವರ ದಂಡೇ ಬಂದು ಆಕೆಯ ಬದುಕು ಕಲಕಿಹೋಯಿತು ಎಂಬುದನ್ನು ಓದಿದಾಗ, ನನಗೆ ಸಿಗಲಿರುವ ಉಪಕಾರದ ಹಿಂದೆ ಯಾರದೋ ನಷ್ಟವಿದೆ ಎನಿಸಿತು. ಆ ಭಾವನೆ ಇಂದಿಗೂ ಹೋಗಿಲ್ಲ.

ಅಧ್ಯಯನಗಳ ದೋಷಗಳೂ ಕಂಡವು. ಡೋಸ್ ಪಡೆದವರಿಗೆ ತಾವು ಪಡೆದದ್ದು ಯಾವುದೆಂದು ಒಂದು ಗಂಟೆಯೊಳಗೇ ತಿಳಿದುಹೋಗುತ್ತದೆ, ಹಾಗಾಗಿ ನಿಜವಾದ ಔಷಧಿಗೂ ಹುಸಿ ಔಷಧಿಗೂ ಇರುವ ವ್ಯತ್ಯಾಸವನ್ನು ಗುಟ್ಟಾಗಿಟ್ಟು ಹೋಲಿಸುವುದು ಕಷ್ಟ. ಭಾಗವಹಿಸಿದವರು ಕೆಲವೇ ಮಂದಿ, ಅವರಲ್ಲಿಯೂ ಹೆಚ್ಚುಕಡಿಮೆ ಎಲ್ಲರೂ ಬಿಳಿಯರು. ತನ್ನ ಭಯವನ್ನು ಕನ್ನಡದಲ್ಲಿ ಅನುಭವಿಸುವ ಮಲೆನಾಡಿನ ಹೆಂಗಸಿಗೆ ಇದು ಏನು ಮಾಡೀತು ಎಂಬುದಕ್ಕೆ ಅಲ್ಲಿ ಉತ್ತರವಿರಲಿಲ್ಲ.

ಕೆನಡಾದಲ್ಲಿ ಇದು ಅಂಗಡಿಯಲ್ಲಿ ಸಿಗುವ ಔಷಧಿಯಲ್ಲ, ನಿಷೇಧಿತ ವಸ್ತು. 2020ರ ಆಗಸ್ಟ್‌ನಲ್ಲಿ ಅಂದಿನ ಆರೋಗ್ಯ ಸಚಿವೆ ಪ್ಯಾಟಿ ಹಾಯ್ದು ಅವರು ವಾಸಿಯಾಗದ ಕ್ಯಾನ್ಸರ್ ಇದ್ದ ನಾಲ್ವರು ರೋಗಿಗಳಿಗೆ ಕಾನೂನಿನಿಂದ ವಿನಾಯಿತಿ ಕೊಟ್ಟರು. 2022ರ ಜನವರಿಯಲ್ಲಿ ನಿಯಮ ತಿದ್ದುಪಡಿಯಾಗಿ, ಬೇರೆ ಚಿಕಿತ್ಸೆಗಳು ಫಲಿಸದ ಗಂಭೀರ ರೋಗಿಯ ಪರವಾಗಿ ಆತನ ವೈದ್ಯರು ‘ವಿಶೇಷ ಲಭ್ಯತೆ’ ಎಂಬ ಕಾರ್ಯಕ್ರಮದ ಮೂಲಕ ಕೇಂದ್ರ ಆರೋಗ್ಯ ಇಲಾಖೆಗೆ ಅರ್ಜಿ ಹಾಕಬಹುದಾಯಿತು. ಒಂದೊಂದು ಅರ್ಜಿಯನ್ನೂ ಬೇರೆ ಬೇರೆಯಾಗಿಯೇ ಪರಿಶೀಲಿಸುತ್ತಾರೆ. ಇದೇ ದೇಶದಲ್ಲಿ ವೈದ್ಯರ ನೆರವಿನಿಂದ ಸಾಯುವ ಹಕ್ಕು 2016ರಿಂದಲೂ ಇದೆ. ಸಾಯಲು ಅನುಮತಿ ಮೊದಲು ಸಿಕ್ಕಿ, ಸಾವಿನ ಭಯವನ್ನು ಕಳೆಯಲು ಅನುಮತಿ ಸುಮಾರು ಆರು ವರ್ಷ ತಡವಾಗಿ ಸಿಕ್ಕಿತಲ್ಲ ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ಅರ್ಜಿಗೆ ಮುನ್ನ ನಡೆದ ತಪಾಸಣೆ ಕಟ್ಟುನಿಟ್ಟಾಗಿತ್ತು. ಇಸಿಜಿ, ರಕ್ತದೊತ್ತಡ, ಯಕೃತ್ತಿನ ಪರೀಕ್ಷೆ ಎಲ್ಲವೂ ಬೇಗ ಮುಗಿದವು. ತಡೆದು ನಿಲ್ಲಿಸಿದ್ದು ಮನೋವೈದ್ಯರ ಒಂದು ಪ್ರಶ್ನೆ: ನಿಮ್ಮ ಕುಟುಂಬದಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್‌ನಂಥ ತೀವ್ರ ಮಾನಸಿಕ ಕಾಯಿಲೆ ಇತ್ತೇ? ಅಂಥ ಹಿನ್ನೆಲೆಯಿದ್ದವರಲ್ಲಿ ಈ ಔಷಧಿ ಮನಸ್ಸಿನ ಸ್ಥಿಮಿತವನ್ನೇ ಕೆಡಿಸಬಹುದಾದ್ದರಿಂದ ಅವರಿಗೆ ಕೊಡುವುದಿಲ್ಲ. “ಇಲ್ಲ” ಎಂದುಬಿಡುವುದು ಸುಲಭವಿತ್ತು. ಆದರೆ ಅಪ್ಪಯ್ಯನ ಸೋದರಮಾವ ಒಬ್ಬರು ಮನೆ ಬಿಟ್ಟು ತೋಟದಲ್ಲಿ ಅಲೆಯುತ್ತಿದ್ದರು, ಅವರನ್ನು ಉಪ್ಪರಿಗೆಯ ಕೋಣೆಯಲ್ಲಿ ಇಟ್ಟಿದ್ದರು, ಮದುವೆ ಮುಂಜಿಗಳಲ್ಲಿ ಅವರ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ ಎಂಬುದು ನನಗೆ ನೆನಪಿತ್ತು. ಊರಿನಲ್ಲಿರುವ ಅಣ್ಣನಿಗೆ ಫೋನ್ ಮಾಡಿದೆ. “ಅದೆಲ್ಲ ಈಗ ಎಂತಕ್ಕೆ ಕೂಸೇ?” ಎಂದು ಮೊದಲು ಮಾತು ತೇಲಿಸಿದ. ಬಿಡದೆ ಕೇಳಿದಾಗ, ಅದು ಶುರುವಾದದ್ದು ಅವರಿಗೆ ಎಪ್ಪತ್ತು ದಾಟಿದ ಮೇಲೆ, ಮೊದಲು ಮಕ್ಕಳ ಹೆಸರು ಮರೆತರು, ಆಮೇಲೆ ದಾರಿ ಮರೆತರು ಎಂದ. ಅದು ಮುಪ್ಪಿನ ಮರೆವಿನ ಕಾಯಿಲೆಯಂತೆ ಕಾಣುತ್ತದೆ, ಸಂಬಂಧವೂ ದೂರದ್ದು ಎಂದು ಮನೋವೈದ್ಯರು ಸಮಾಧಾನಪಟ್ಟರು. ಕೇಳಿದರೆ ಹತ್ತು ನಿಮಿಷದಲ್ಲಿ ತಿಳಿಯುವ ಸಂಗತಿಯನ್ನು ನಮ್ಮ ಮನೆಯವರು ಐವತ್ತು ವರ್ಷ ಕೇಳದೆ ಉಳಿದಿದ್ದೆವು.

ಅರ್ಜಿ ಒಮ್ಮೆ ಹೆಚ್ಚಿನ ವಿವರ ಕೋರಿ ಹಿಂದಿರುಗಿತು, ಐದು ವಾರಗಳ ನಂತರ ಒಪ್ಪಿಗೆ ಬಂತು. ಈ ನಡುವೆ ಸರ್ಟ್ರಲೀನನ್ನು ಮೆಲ್ಲಗೆ ಕಡಿಮೆ ಮಾಡಿ ನಿಲ್ಲಿಸಬೇಕಾಯಿತು, ಏಕೆಂದರೆ ಅದು ಸೈಲೋಸೈಬಿನ್‌ನ ಪರಿಣಾಮವನ್ನು ಮಂಕಾಗಿಸಬಹುದು. ಇಡೀ ಪ್ರಕ್ರಿಯೆಯಲ್ಲಿ ನನಗೆ ಅತಿ ಕಷ್ಟವಾದದ್ದು ಆ ವಾರಗಳೇ. ತಲೆ ತಿರುಗಿಸಿದರೆ ಒಳಗೆ ವಿದ್ಯುತ್ ಹರಿದಂತಾಗುತ್ತಿತ್ತು, ಸಣ್ಣ ಮಾತಿಗೂ ಅಳು ಬರುತ್ತಿತ್ತು. ಈ ಚಿಕಿತ್ಸೆಯ ಬಗ್ಗೆ ಬರೆಯುವವರು ಔಷಧಿಯ ಆರು ಗಂಟೆಗಳನ್ನು ವರ್ಣಿಸುತ್ತಾರೆಯೇ ಹೊರತು, ಅದಕ್ಕೆ ಮುಂಚಿನ ಈ ಆರು ವಾರಗಳ ಬಗ್ಗೆ ಹೇಳುವುದಿಲ್ಲ. ಯಾರೂ ವೈದ್ಯರನ್ನು ಕೇಳದೆ ಇಂಥ ಮಾತ್ರೆಗಳನ್ನು ತಾವಾಗಿ ನಿಲ್ಲಿಸಬಾರದು.

ಸಿದ್ಧತೆಗೆಂದು ಮೂರು ಭೇಟಿಗಳಿದ್ದವು. ಚಿಕಿತ್ಸಕರು ಇಬ್ಬರು, ಒಬ್ಬ ಮಹಿಳೆ, ಒಬ್ಬ ಪುರುಷ. ಮೊದಲ ಭೇಟಿ ಬಹುಪಾಲು ಒಪ್ಪಂದಗಳಲ್ಲೇ ಕಳೆಯಿತು. ಔಷಧಿಯ ಪ್ರಭಾವದಲ್ಲಿರುವಾಗ ಮನುಷ್ಯ ಎಳೆಗೂಸಿನಷ್ಟು ಅಸಹಾಯಕನಾಗಿರುತ್ತಾನೆ, ಆದ್ದರಿಂದ ಸ್ಪರ್ಶದ ಮಿತಿಯನ್ನು ಮೊದಲೇ ಬರೆದಿಡಬೇಕು ಎಂದರು. ಕೇಳಿದರೆ ಕೈ ಹಿಡಿಯುವುದು, ಭುಜದ ಮೇಲೆ ಕೈ ಇಡುವುದು, ಅದಕ್ಕಿಂತ ಹೆಚ್ಚಿಲ್ಲ. ಅಂದು ನಾನೇ ಬೇರೆ ರೀತಿ ಕೇಳಿದರೂ ಇಲ್ಲ. ಆ ಕಾಗದಕ್ಕೆ ಸಹಿ ಹಾಕಿದ ಮೇಲೆಯೇ ನನಗೆ ಅವರಿಬ್ಬರಲ್ಲಿ ನಂಬಿಕೆ ಹುಟ್ಟಿತು. ಹೆದರಿಕೆ ಹುಟ್ಟಿಸುವಂಥದು ಕಂಡರೆ ಓಡಬೇಡಿ, ಅದರ ಕಡೆಗೆ ತಿರುಗಿ, ನೀನು ಯಾರು, ಇಲ್ಲೇಕೆ ಬಂದೆ ಎಂದು ಕೇಳಿ ಎನ್ನುವುದನ್ನೂ ಕಲಿಸಿದರು. ಸಂಗೀತದ ವಿಷಯದಲ್ಲಿ ಕನ್ನಡದ ಹಾಡುಗಳು ಬೇಕೆಂದು ಕೇಳಿದೆ. ಅರ್ಥವಾಗುವ ಪದಗಳು ಮನಸ್ಸನ್ನು ತಮ್ಮ ಹಿಂದೆ ಎಳೆದುಕೊಂಡು ಹೋಗುತ್ತವೆ, ಸಾಹಿತ್ಯವಿಲ್ಲದ್ದು ಒಳ್ಳೆಯದು ಎಂದರು. ಕೊನೆಗೆ ಒಂದು ಗಂಟೆ ತಂಬೂರಿಯ ಶ್ರುತಿ ಇರಲಿ ಎಂದು ಒಪ್ಪಿದೆವು.

ಎರಡನೆಯ ಭೇಟಿಯಲ್ಲಿ ಚಿಕಿತ್ಸಕಿ ಕೇಳಿದರು: “ಸಾವಿನ ಬಗ್ಗೆ ನಿಮ್ಮ ಮನೆಯಲ್ಲಿ ಹೇಗೆ ಮಾತನಾಡುತ್ತಿದ್ದರು?” ಮಾತನಾಡುತ್ತಿರಲಿಲ್ಲ ಎಂದೆ. ಆಮೇಲೆ ಅಮ್ಮನ ವಿಷಯ ಬಂತು.

1986ರ ಮಳೆಗಾಲದಲ್ಲಿ ಅಮ್ಮ ತೀರಿಕೊಂಡಾಗ ಆಕೆಗೆ ನಲವತ್ತೇಳು, ನನಗೆ ಇಪ್ಪತ್ತೆರಡು. ಹೊಟ್ಟೆ ಉಬ್ಬಿತ್ತು, ಕೈಕಾಲು ಕಡ್ಡಿಯಾಗಿದ್ದವು. ಅಪ್ಪಯ್ಯ ಮತ್ತು ಅಣ್ಣ ಆಕೆಯನ್ನು ಬೆಂಗಳೂರಿನ ಕಿದ್ವಾಯಿಗೆ ಕರೆದುಕೊಂಡು ಹೋಗಿ ಹತ್ತು ದಿನಗಳ ನಂತರ ವಾಪಸು ಕರೆತಂದರು. ಹೊಟ್ಟೆಯಲ್ಲಿ ಗಡ್ಡೆ, ನೀರು ತೆಗೆದಿದ್ದಾರೆ, ಕಡಿಮೆಯಾಗುತ್ತದೆ ಎಂದಷ್ಟೇ ನಮಗೆ ಹೇಳಿದರು. ಕಾಯಿಲೆಯ ಹೆಸರನ್ನು ಅಮ್ಮನಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಪ್ರೀತಿಯಿಂದಲೇ ಮುಚ್ಚಿಟ್ಟರು, ಹೇಳಿದರೆ ಧೈರ್ಯಗೆಡುತ್ತಾಳೆ ಎಂದು ಆ ಕಾಲದಲ್ಲಿ ಎಲ್ಲ ಮನೆಗಳಲ್ಲೂ ಹಾಗೆಯೇ ಮಾಡುತ್ತಿದ್ದರು, ಇಂದಿಗೂ ಬಹಳ ಕಡೆ ಹಾಗೆಯೇ ಮಾಡುತ್ತಾರೆ. ನಾನು ಪಕ್ಕದಲ್ಲಿ ಕುಳಿತು “ನೋವಾಗುತ್ತಿದೆಯೇ ಅಮ್ಮ?” ಎಂದು ಕೇಳಿದಾಗಲೆಲ್ಲ ಆಕೆ ಹೇಳುತ್ತಿದ್ದುದು ಒಂದೇ ಮಾತು: “ಎಂತದೂ ಇಲ್ಲ.”

ಆ ಭೇಟಿಯಲ್ಲಿ ಇನ್ನೊಂದು ಸಂಗತಿಯನ್ನು ಹೇಳಬೇಕಾಗಿ ಬಂತು. 2020ರಲ್ಲೇ ನನಗೆ ವಂಶವಾಹಿ ಪರೀಕ್ಷೆ ಮಾಡಿ ಬಿಆರ್‌ಸಿಎ-1 ಎಂಬ ಜೀನ್‌ನಲ್ಲಿ ದೋಷವಿದೆ ಎಂದು ಹೇಳಿದ್ದರು. ಆ ದೋಷವಿರುವ ಹೆಂಗಸರಲ್ಲಿ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್‌ನ ಸಾಧ್ಯತೆ ಬಹಳ ಹೆಚ್ಚು, ಅದು ಪ್ರತಿಯೊಂದು ಮಗುವಿಗೂ ದಾಟುವ ಸಾಧ್ಯತೆ ಅರ್ಧಕ್ಕೆ ಅರ್ಧ. ನನ್ನ ಮಗಳಿಗೆ ತಿಳಿಸಿ, ಆಕೆ ಪರೀಕ್ಷೆ ಮಾಡಿಸಿಕೊಳ್ಳಲಿ ಎಂದು ಡಾಕ್ಟರು ಎರಡು ಬಾರಿ ನೆನಪಿಸಿದ್ದರು. ಟೊರೊಂಟೊದಲ್ಲಿ ಕೆಲಸದಲ್ಲಿರುವ ಇಪ್ಪತ್ತೊಂಬತ್ತರ ಹುಡುಗಿ. ಪ್ರತಿ ಭಾನುವಾರ ಫೋನ್‌ನಲ್ಲಿ “ಡಾಕ್ಟರು ಏನಂದರು ಅಮ್ಮ?” ಎಂದು ಕೇಳುತ್ತಿದ್ದಳು, ನಾನು “ಎಂತದೂ ಇಲ್ಲ ಪುಟ್ಟಿ” ಎನ್ನುತ್ತಿದ್ದೆ. ಹಾಗೆ ಎರಡೂವರೆ ವರ್ಷ ಕಳೆದಿದ್ದೆ. ಚಿಕಿತ್ಸಕಿ ತಪ್ಪು ಸರಿ ಎನ್ನಲಿಲ್ಲ, ಪುಸ್ತಕದಲ್ಲಿ ಬರೆದುಕೊಂಡರು.

2023ರ ಜೂನ್ ತಿಂಗಳ ಒಂದು ಬೆಳಿಗ್ಗೆ ನಮ್ಮವರು ನನ್ನನ್ನು ಚಿಕಿತ್ಸಾಲಯಕ್ಕೆ ಬಿಟ್ಟರು. ಕೋಣೆ ಮನೆಯ ನಡುಮನೆಯಂತಿತ್ತು: ಅಗಲವಾದ ಸೋಫಾ, ಉಣ್ಣೆಯ ಹೊದಿಕೆ, ಮಂದ ದೀಪ, ಕಿಟಕಿಯಾಚೆ ಒಂದು ಸೀಡರ್ ಮರ. ಮನಸ್ಸಿಗೆ ಹತ್ತಿರವಾದ ವಸ್ತುವೊಂದನ್ನು ತರಲು ಹೇಳಿದ್ದರಿಂದ ಅಮ್ಮನ ಅಡಕತ್ತರಿಯನ್ನು ಒಯ್ದಿದ್ದೆ. ಹಿಡಿಕೆ ಸವೆದು ಹೊಳೆಯುವ, ತಿರುಗುಣಿ ಸಡಿಲಾದ ಆ ಕಬ್ಬಿಣವನ್ನು ಅವರು ಕೈಯಲ್ಲಿ ಹಿಡಿದು ನೋಡಿ, ಅಲಗು ಇರುವುದರಿಂದ ನನ್ನ ಕೈಗೆಟುಕದ ಕಪಾಟಿನ ಮೇಲೆ, ಆದರೆ ಕಣ್ಣಿಗೆ ಕಾಣುವಂತೆ ಇಟ್ಟರು. ರಕ್ತದೊತ್ತಡ 124-78 ಇತ್ತು. ಒಂಬತ್ತು ಇಪ್ಪತ್ತಕ್ಕೆ ಒಂದು ಚಿಕ್ಕ ಬಟ್ಟಲಿನಲ್ಲಿ ಕ್ಯಾಪ್ಸೂಲ್ ಕೊಟ್ಟರು. 25 ಮಿಲಿಗ್ರಾಂ. ತೀರ್ಥ ತೆಗೆದುಕೊಳ್ಳುವಂತೆ ಬಲಗೈ ಮುಂದೆ ಚಾಚಿದೆ, ಅದು ಅಭ್ಯಾಸಬಲ. ನೀರು ಕುಡಿದು, ಕಣ್ಣಿಗೆ ಪಟ್ಟಿ ಕಟ್ಟಿ, ಕಿವಿಗೆ ಹೆಡ್‌ಫೋನ್ ಹಾಕಿ ಮಲಗಿದೆ.

ಮೊದಲ ಅರ್ಧ ಗಂಟೆ ಏನೂ ಆಗಲಿಲ್ಲ. ಆಮೇಲೆ ಸಂಗೀತದ ಸದ್ದಿಗೆ ಬಣ್ಣ ಬಂತು, ಹೊಟ್ಟೆ ತೊಳಸಿತು. ನಂತರ ನೆಲ ಜಾರಿದಂತಾಗಿ ಕತ್ತಲೆಯೊಳಗೆ ಇಳಿಯತೊಡಗಿದೆ. ಇದನ್ನು ಹಿತವೆಂದು ಯಾರಾದರೂ ಹೇಳಿದರೆ ನಂಬಬೇಡಿ. ನನಗಂತೂ ಅದುವರೆಗಿನ ಎಲ್ಲ ಮೂರು ಗಂಟೆಯ ರಾತ್ರಿಗಳು ಒಂದೇ ಸಲ ಮೈಮೇಲೆ ಬಿದ್ದಂತಾಯಿತು. ನನ್ನ ಹೊಟ್ಟೆಯೇ ಒಂದು ದೊಡ್ಡ ಗವಿ, ಅದರೊಳಗೆ ಏನೋ ಕುಳಿತಿದೆ. ಬೇಡ, ನಿಲ್ಲಿಸಿ ಎಂದು ಕೂಗಿಕೊಂಡೆನಂತೆ. ಕೈಯ ಮೇಲೆ ಒಂದು ಕೈ ಬಂದು ಕುಳಿತದ್ದು ಗೊತ್ತಾಯಿತು, “ನಾವು ಇಲ್ಲೇ ಇದ್ದೇವೆ” ಎಂಬ ಮಾತು ಬಹಳ ದೂರದಿಂದ ಕೇಳಿಸಿತು. ಕಲಿಸಿದ್ದು ನೆನಪಾಗಿ ಕೇಳಿದೆ, ಕನ್ನಡದಲ್ಲೇ: ನೀನು ಯಾರು?

ಉತ್ತರವಾಗಿ ಕೇಳಿಸಿದ್ದು ಟಕ್, ಟಕ್ ಎಂಬ ಸದ್ದು. ಸುಗ್ಗಿಯ ರಾತ್ರಿಗಳಲ್ಲಿ ನಮ್ಮ ಮನೆಯ ಅಂಗಳದಲ್ಲಿ ಹೆಂಗಸರು ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು ಹಸಿ ಅಡಿಕೆ ಸುಲಿಯುವಾಗ, ಸುಲಿದ ಅಡಿಕೆ ಬುಟ್ಟಿಗೆ ಬೀಳುವ ಸದ್ದು ಅದು. ಅಡಿಕೆ ಬೇಯುವ ಹಂಡೆಯಿಂದ ಚೊಗರಿನ ಒಗರು ವಾಸನೆ ಬರುತ್ತಿತ್ತು. ಸಾಲಿನ ಕೊನೆಯಲ್ಲಿ ಅಮ್ಮ ಕುಳಿತಿದ್ದಳು, ಉಬ್ಬಿದ ಹೊಟ್ಟೆಯನ್ನು ಸೆರಗಿನಿಂದ ಮುಚ್ಚಿಕೊಂಡು, ತಲೆ ತಗ್ಗಿಸಿ ಸುಲಿಯುತ್ತಿದ್ದಳು. ನಾನು ಹೋಗಿ ಎದುರಿಗೆ ಕುಳಿತೆ. “ನೋವಾಗುತ್ತಿದೆಯೇ?” ಎಂದೆ. “ಎಂತದೂ ಇಲ್ಲ” ಎಂದಳು. ಮತ್ತೆ ಕೇಳಿದೆ, ಮತ್ತೆ ಅದನ್ನೇ ಅಂದಳು. ಎಷ್ಟು ಸಲವೋ ಗೊತ್ತಿಲ್ಲ, ಅಲ್ಲಿ ಕಾಲವೇ ಇರಲಿಲ್ಲ. ಕೊನೆಗೆ ನಾನು ಪ್ರಶ್ನೆ ಬದಲಿಸಿದೆ: “ಅಮ್ಮ, ನಿನಗೆ ಗೊತ್ತಿತ್ತಾ?” ಆಕೆಯ ಕೈ ನಿಂತಿತು. ತಲೆ ಎತ್ತಿ ನನ್ನ ಮುಖ ನೋಡಿದಳು. ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಆ ನೋಟದಲ್ಲಿ ಎಲ್ಲವೂ ಇತ್ತು. ಅವಳ ಕೈಯಲ್ಲಿದ್ದ ಅಡಿಕೆಯನ್ನು ನಾನು ಈಸಿಕೊಂಡೆ. ಆಮೇಲೆ ನಾವಿಬ್ಬರೂ ಸುಮ್ಮನೆ ಕುಳಿತು ಸುಲಿದೆವು, ಬಹಳ ಹೊತ್ತು. ಎಂದಿನಂತಹ ಮೌನವಲ್ಲ ಅದು.

ಇದು ನನ್ನ ಮಿದುಳು ಕಟ್ಟಿದ ಚಿತ್ರವೆಂದು ನನಗೆ ಗೊತ್ತು. ಅಮ್ಮ ಬಂದಿದ್ದಳು ಎಂದು ನಾನು ಹೇಳುತ್ತಿಲ್ಲ. ಮೂವತ್ತೇಳು ವರ್ಷ ಕೇಳದೆ ಉಳಿದ ಪ್ರಶ್ನೆಯನ್ನು ಕೇಳಿದ ಮೇಲೆ ದೇಹದಲ್ಲಿ ಆದ ಬದಲಾವಣೆಯನ್ನು ಮಾತ್ರ ಹೇಳುತ್ತಿದ್ದೇನೆ. ಕುತ್ತಿಗೆಯಿಂದ ಕೆಳಗೆ ಯಾವುದೋ ಬಿಗಿಹಗ್ಗ ಸಡಿಲಾಯಿತು. ತಂಬೂರಿ ಶುರುವಾದಾಗ ನಾನು ಅಳುತ್ತಿದ್ದೆ, ಆ ಅಳುವಿನಲ್ಲಿ ಹೆದರಿಕೆ ಇರಲಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಕಣ್ಣುಪಟ್ಟಿ ತೆಗೆದೆ. ನಡುವೆ ಒಮ್ಮೆ ರಕ್ತದೊತ್ತಡ 158ಕ್ಕೆ ಏರಿ ತಾನಾಗಿಯೇ ಇಳಿದಿತ್ತು. ಟೋಸ್ಟ್ ಮತ್ತು ಸೇಬು ಕೊಟ್ಟರು. ಸೇಬಿನ ಹೋಳು ಕಚ್ಚುವಾಗಿನ ಸದ್ದು, ಅದರ ತಂಪು, ಎರಡೂ ನನಗೆ ಹೊಸದೆನಿಸಿದವು. ಆಗ ಚಿಕಿತ್ಸಕಿ ತಮ್ಮ ಪುಸ್ತಕ ತೆರೆದು, ನಾನು ಸುಮಾರು ಒಂದು ಗಂಟೆ ತಮಗೆ ತಿಳಿಯದ ಭಾಷೆಯಲ್ಲಿ ಮಾತನಾಡುತ್ತಿದ್ದೆ ಎಂದರು. ಪದೇ ಪದೇ ಬಂದ ಒಂದು ಮಾತನ್ನು ಕೇಳಿಸಿದಂತೆ ತಮ್ಮ ಲಿಪಿಯಲ್ಲಿ ಬರೆದುಕೊಂಡಿದ್ದರು. ಒತ್ತು ತಪ್ಪಿಸಿ, ತಡವರಿಸಿ ಓದಿದರು: “ಎಂತಾದು ಇಲ್ಲಾ.” ಹಾಗೆಂದರೆ ಏನು ಎಂದು ಕೇಳಿದರು. ‘ಏನೂ ಇಲ್ಲ’ ಎಂದರ್ಥ ಎಂದು ಹೇಳಿ, ಅದು ಅಷ್ಟೇ ಅಲ್ಲವೆಂದು ವಿವರಿಸಲು ಅರ್ಧ ಗಂಟೆ ಬೇಕಾಯಿತು.

ಔಷಧಿಯ ದಿನ ಕಳೆದ ಮೇಲೆ ಇನ್ನೂ ಮೂರು ಭೇಟಿಗಳಿದ್ದವು, ಕಂಡದ್ದನ್ನು ಬದುಕಿಗೆ ಹೊಂದಿಸಿಕೊಳ್ಳಲು. ನನ್ನ ಅಭಿಪ್ರಾಯದಲ್ಲಿ ಈ ಭೇಟಿಗಳಿಲ್ಲದೆ ಆ ಔಷಧಿ ಬರಿಯ ಒಂದು ದೊಡ್ಡ ಕನಸಾಗಿ ಕರಗಿಹೋಗುತ್ತಿತ್ತು. ಪ್ರಾಂತೀಯ ಆರೋಗ್ಯ ವಿಮೆ ನಮ್ಮ ಚಿಕಿತ್ಸಕರ ಈ ಗಂಟೆಗಳಿಗೆ ಹಣ ಕೊಡಲಿಲ್ಲ, ಉಳಿತಾಯದಿಂದ ತೆತ್ತೆವು. ಉಳಿತಾಯವಿಲ್ಲದ ರೋಗಿಗೂ ಮೂರು ಗಂಟೆಯ ರಾತ್ರಿಗಳಿರುತ್ತವೆ ಎಂಬುದು ನನ್ನನ್ನು ಬಾಧಿಸುತ್ತಲೇ ಇದೆ.

ಜುಲೈನಲ್ಲಿ ಮಗಳನ್ನು ಮನೆಗೆ ಕರೆಸಿಕೊಂಡೆ. ಒಂದೆಲಗದ ತಂಬುಳಿ ಮಾಡಿದ್ದೆ, ಹಿತ್ತಿಲಿನ ಕುಂಡದಲ್ಲಿ ಬೆಳೆಸಿದ್ದು. ಊಟವಾದ ಮೇಲೆ ಪರೀಕ್ಷೆಯ ಕಾಗದವನ್ನು ಅವಳ ಮುಂದಿಟ್ಟು ಎಲ್ಲವನ್ನೂ ಹೇಳಿದೆ. ಅಳುತ್ತಾಳೆಂದು ಎಣಿಸಿದ್ದೆ, ಅವಳಿಗೆ ಸಿಟ್ಟು ಬಂತು. “ಎರಡೂವರೆ ವರ್ಷದಿಂದ ನಿನಗೆ ಗೊತ್ತಿತ್ತಾ ಅಮ್ಮ?” ನಾನು ಅಂದು ಅಮ್ಮನಿಗೆ ಕೇಳಿದ ಪ್ರಶ್ನೆಯೇ ಅದು. ಹೌದು ಎಂದೆ. ಹೆದರಿದ್ದೆ, ಅದಕ್ಕೇ ಹೇಳಲಿಲ್ಲ ಎಂದೆ. ಎರಡು ದಿನ ಅವಳು ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ನನ್ನ ಮಂಚದ ತುದಿಯಲ್ಲಿ ಬಂದು ಕುಳಿತು, ಪರೀಕ್ಷೆಗೆ ದಿನ ಗೊತ್ತುಮಾಡಿದ್ದೇನೆ ಎಂದಳು. ಫಲಿತಾಂಶ ಅವಳ ಸ್ವಂತ ವಿಷಯ, ಅದನ್ನು ಇಲ್ಲಿ ಬರೆಯುವುದಿಲ್ಲ.

ಆರು ವಾರಗಳ ನಂತರ ಪ್ರಶ್ನಾವಳಿಯಲ್ಲಿ ನನ್ನ ಅಂಕ 7ಕ್ಕೆ ಇಳಿದಿತ್ತು. ಕಾಯಿಲೆ ಕಿಂಚಿತ್ತೂ ಇಳಿದಿರಲಿಲ್ಲ, ಆ ಭರವಸೆಯನ್ನು ಯಾರೂ ಕೊಟ್ಟಿರಲೂ ಇಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ರೋಲಂಡ್ ಗ್ರಿಫಿತ್ಸ್ ಅವರು ಕರುಳಿನ ಕ್ಯಾನ್ಸರ್‌ನಿಂದಲೇ ತೀರಿಕೊಂಡರೆಂದು ಓದಿ, ಭೇಟಿಯಾಗದ ಆ ಮನುಷ್ಯನಿಗಾಗಿ ದೇವರ ಮುಂದೆ ಒಂದು ದೀಪ ಹಚ್ಚಿದೆ. ನವೆಂಬರ್‌ನಿಂದ ಸ್ಕ್ಯಾನ್ ಹತ್ತಿರವಾದಾಗ ಮತ್ತೆ ಮೂರು ಗಂಟೆಗೆ ಎಚ್ಚರವಾಗುತ್ತಿದೆ. ಈಗ ನಮ್ಮವರು ಏನೆಂದು ಕೇಳಿದರೆ “ಹೆದರಿಕೆಯಾಗುತ್ತಿದೆ” ಎನ್ನುತ್ತೇನೆ. ಅವರು ದೀಪ ಹಾಕುತ್ತಾರೆ. ಒಮ್ಮೊಮ್ಮೆ ತಮಗೂ ಆಗುತ್ತಿದೆ ಎನ್ನುತ್ತಾರೆ.

ವಿಷಯ ತಿಳಿದ ಬೆಂಗಳೂರಿನ ಅಣ್ಣನ ಮಗನೊಬ್ಬ, ಕೊಡೈಕೆನಾಲ್ ಕಡೆ ಇಂಥ ಅಣಬೆ ಸಿಗುತ್ತದಂತೆ, ಕಾಯಿಲೆಯಲ್ಲಿರುವ ತನ್ನ ಮಾವನಿಗೆ ತರಿಸಬಹುದೇ ಅತ್ತೆ ಎಂದು ಕೇಳಿದ. ಬೇಡವೇ ಬೇಡ ಎಂದೆ. ಭಾರತದಲ್ಲಿ ಸೈಲೋಸೈಬಿನ್ 1985ರ ಮಾದಕವಸ್ತು ಕಾಯ್ದೆಯಡಿ ನಿಷಿದ್ಧ. ಅದಕ್ಕಿಂತ ಹೆಚ್ಚಾಗಿ, ಹೃದಯದ ಪರೀಕ್ಷೆಯಿಲ್ಲದೆ, ಮನೆತನದ ಕಾಯಿಲೆಗಳನ್ನು ವಿಚಾರಿಸದೆ, ಪಕ್ಕದಲ್ಲಿ ಕುಳಿತುಕೊಳ್ಳುವ ತಿಳಿದವರಿಲ್ಲದೆ ಇದನ್ನು ತಿನ್ನಿಸುವುದು ಕಾಯಿಲೆಯ ಮನುಷ್ಯನನ್ನು ಕತ್ತಲೆಗೆ ತಳ್ಳಿದಂತೆ. ಬೆಂಗಳೂರಿನಲ್ಲೇ ಕರುಣಾಶ್ರಯವಿದೆ, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುವವರು, ಮೊದಲು ಅಲ್ಲಿ ಮಾತನಾಡು ಎಂದೆ. ಮಾವನಿಗೆ ಕಾಯಿಲೆಯ ಹೆಸರು ಗೊತ್ತಿದೆಯೇ ಎಂದೂ ಕೇಳಿದೆ. ಅವನು ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ಕಳೆದ ತಿಂಗಳು ಅಣ್ಣನಿಗೆ ಮತ್ತೆ ಫೋನ್ ಮಾಡಿ, ಅಮ್ಮನ ಕಾಯಿಲೆ ಏನಿತ್ತೆಂದು ನೇರವಾಗಿ ಕೇಳಿದೆ. ಈ ಸಲ ಅವನು ಮಾತು ತೇಲಿಸಲಿಲ್ಲ. ಕಿದ್ವಾಯಿಯಿಂದ ಹಿಂದಿರುಗುವ ರಾತ್ರಿ ಬಸ್ಸಿನಲ್ಲಿ ಅಪ್ಪಯ್ಯನಿಗೆ ನಿದ್ದೆ ಹತ್ತಿದ ಮೇಲೆ, ಅಣ್ಣನ ಅಂಗಿಯ ಜೇಬಿನಲ್ಲಿದ್ದ ಕಾಗದದಲ್ಲಿ ಏನು ಬರೆದಿದೆ ಎಂದು ಅಮ್ಮ ಕೇಳಿದ್ದಳಂತೆ. “ನಾನು ಎಂತದೂ ಇಲ್ಲ ಅಮ್ಮ ಅಂದೆ ಕೂಸೇ. ಅವಳು ಆಗಲಿ ಅಂದು ಕಿಟಕಿಯ ಕಡೆ ತಿರುಗಿ ಕುಳಿತಳು.” ಎಪ್ಪತ್ತರ ಹತ್ತಿರದ ನನ್ನ ಅಣ್ಣ ಫೋನ್‌ನಲ್ಲಿ ಬಿಕ್ಕಿ ಅತ್ತ. ನಾನು ಫೋನ್ ಇಡಲಿಲ್ಲ, ಸಮಾಧಾನ ಮಾಡಿಕೋ ಎಂದೂ ಅನ್ನಲಿಲ್ಲ.

ಮಾರನೆಯ ದಿನ ವಾಟ್ಸಾಪ್‌ನಲ್ಲಿ ಒಂದು ಚಿತ್ರ ಕಳುಹಿಸಿದ. ಉಪ್ಪರಿಗೆಯ ಟ್ರಂಕಿನಲ್ಲಿ ಜಮೀನಿನ ಪತ್ರಗಳ ಅಡಿಯಲ್ಲಿ ಇಟ್ಟಿದ್ದನಂತೆ. ನಾಲ್ಕು ಮಡಿಕೆಗಳ ಗುರುತಿನಲ್ಲಿ ಹರಿದ ಹಳದಿ ಕಾಗದ, ಅಂಚಿನಲ್ಲಿ ಗೆದ್ದಲು ತಿಂದದ್ದು, ನೀಲಿ ಶಾಯಿಯ ಬರಹ. ಅಮ್ಮನ ಹೆಸರು, ವಯಸ್ಸು 47, ಅದರ ಕೆಳಗೆ ಕಾಯಿಲೆಯ ಹೆಸರು: ಅಂಡಾಶಯದ್ದೇ. ಆ ಚಿತ್ರವನ್ನು ಮಗಳಿಗೆ ಕಳುಹಿಸಿದೆ. ಅವಳು ಅದನ್ನು ತನ್ನ ವಂಶವಾಹಿ ಸಲಹೆಗಾರರಿಗೆ ಕಳುಹಿಸಿ, ಅಜ್ಜಿಯ ಹೆಸರನ್ನು ತನ್ನ ಕಡತದಲ್ಲಿ ಸೇರಿಸಿದ್ದಾರೆಂದು ತಿಳಿಸಿದಳು.